ಫಲಿತಾಂಶದ ದಿನದ ಸಾಲು: ಕ್ಯಾಶ್ ಸರ್ವರಿಗೆ ಎಷ್ಟು ಡೇಟಾಬೇಸ್ ಸಂಪರ್ಕ ಬೇಕು?

"ಸರ್ವರ್ ಡೌನ್" ಎಂಬ ಮಾತು ಕೇಳದ ಹೈಸ್ಕೂಲು ಮಕ್ಕಳು ಈಗ ಹಳ್ಳಿಯಲ್ಲೂ ಇಲ್ಲ. ಪಡಿತರ ತರಲು ಹೋದಾಗ, ಆದಾಯ ಪ್ರಮಾಣಪತ್ರಕ್ಕೆ ಅಲೆಯುವಾಗ, ವಿದ್ಯಾರ್ಥಿವೇತನದ ಅರ್ಜಿ ತುಂಬುವಾಗ, ಎಸ್ಸೆಸ್ಸೆಲ್ಸಿ ಫಲಿತಾಂಶ ನೋಡುವಾಗ ಈ ಮಾತು ಅವರ ಕಿವಿಗೆ ಬಿದ್ದೇ ಇರುತ್ತದೆ. ಮಳೆ ಬಂತು, ಕರೆಂಟ್ ಹೋಯಿತು ಎಂದಂತೆ ಅದನ್ನೂ ಕೇಳಿ ಸುಮ್ಮನಾಗುತ್ತಾರೆ. ತಾಯಿ ಒಂದು ದಿನದ ಕೂಲಿ ಬಿಟ್ಟು ಬಂದು, ಸಾಲಿನಲ್ಲಿ ನಿಂತು, ಕೆಲಸವಾಗದೆ ವಾಪಸ್ಸು ಹೋದರೂ ಅದಕ್ಕೊಂದು ಕಾರಣ ಇರಬಹುದು ಎಂದು ಮಗುವಿಗೆ ಅನ್ನಿಸುವುದಿಲ್ಲ. ಕಾರಣ ಇದ್ದೇ ಇರುತ್ತದೆ. ಎಷ್ಟೋ ಸಲ ಅದು ಯಾರೋ ಒಬ್ಬರು ಒಂದು ಫೈಲಿನಲ್ಲಿ ಬರೆದಿಟ್ಟ ಒಂದು ಸಂಖ್ಯೆ. ಆ ಸಂಖ್ಯೆ ಸರಿಯೋ ತಪ್ಪೋ ಎಂದು ನೋಡಲು ಬೇಕಾದ ಗಣಿತ ಎಂಟನೇ ತರಗತಿಯ ನೇರ ಮತ್ತು ವಿಲೋಮ ಅನುಪಾತದ ಪಾಠದಲ್ಲೇ ಇದೆ.

ಬಿ.ಎಸ್ಸಿ.ಯಲ್ಲಿ ನಾನು ಓದಿದ್ದು ಭೌತಶಾಸ್ತ್ರ, ಗಣಿತ ಮತ್ತು ಗಣಕ ವಿಜ್ಞಾನ. ಬೋಧನಾಭ್ಯಾಸದ ಶಾಲೆಯಲ್ಲಿ ಅನುಪಾತದ ಘಟಕ ಮುಗಿದ ಮೇಲೆ ಒಂದು ಪುಷ್ಟೀಕರಣ ಅವಧಿ ನನಗೆ ಸಿಕ್ಕಿತು. ಅದರಲ್ಲಿ ಈ ವಿಷಯವನ್ನು ಚಟುವಟಿಕೆಯಾಗಿ ಮಾಡಿಸಿದೆ. ಗಣಿತ ಮತ್ತು ಗಣಕ ವಿಜ್ಞಾನ ತೆಗೆದುಕೊಂಡಿರುವ ಸಹಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾಗಲೆಂದು ಮೊದಲು ವಿಷಯವನ್ನೂ ನಂತರ ಚಟುವಟಿಕೆಯನ್ನೂ ಇಲ್ಲಿ ವಿವರಿಸಿದ್ದೇನೆ. ಫಲಿತಾಂಶದ ಜಾಲತಾಣವನ್ನು ಉದಾಹರಣೆಯಾಗಿ ತೆಗೆದುಕೊಂಡಿರುವುದು ಲೆಕ್ಕದ ಅನುಕೂಲಕ್ಕಾಗಿ. ಇಲ್ಲಿ ಬರುವ ಸರ್ವರು ನಾವೇ ಕಟ್ಟಿಕೊಂಡ ಮಾದರಿ.

ಸೂಚನಾ ಫಲಕ, ಕಿಟಕಿ, ವಹಿ

ಜಾಲತಾಣಗಳು ಇಲ್ಲದ ಕಾಲದಲ್ಲಿ ಫಲಿತಾಂಶದ ಪಟ್ಟಿಯನ್ನು ಶಾಲೆಯ ಸೂಚನಾ ಫಲಕಕ್ಕೆ ಅಂಟಿಸುತ್ತಿದ್ದರು. ಬಂದವರು ಮೊದಲು ಫಲಕ ನೋಡುತ್ತಾರೆ. ತಮ್ಮ ಸಂಖ್ಯೆ ಅಲ್ಲಿ ಕಾಣದಿದ್ದರೆ ಕಚೇರಿಯ ಕಿಟಕಿಗೆ ಹೋಗುತ್ತಾರೆ. ಕಿಟಕಿಯ ಹಿಂದೆ ಗುಮಾಸ್ತರು ಇರುತ್ತಾರೆ. ಅವರು ಒಳಗಿನ ದೊಡ್ಡ ವಹಿ ತೆರೆದು ನೋಡಿ ಹೇಳುತ್ತಾರೆ.

ಇಂದಿನ ವ್ಯವಸ್ಥೆಯಲ್ಲೂ ಇವೇ ಮೂರು ಇವೆ. ವಹಿ ಎಂದರೆ ಡೇಟಾಬೇಸ್. ಎಲ್ಲ ದಾಖಲೆಗಳೂ ಅದರಲ್ಲಿ ಭದ್ರವಾಗಿರುತ್ತವೆ. ಹುಡುಕಿ ತೆಗೆಯಲು ಸಮಯ ಹಿಡಿಯುತ್ತದೆ. ಸೂಚನಾ ಫಲಕ ಎಂದರೆ ಕ್ಯಾಶ್ ಸರ್ವರ್. ಒಮ್ಮೆ ಹುಡುಕಿ ತೆಗೆದ ಉತ್ತರವನ್ನು ಅದು ಯಂತ್ರದ ಮೆಮೊರಿಯಲ್ಲಿ ಇಟ್ಟುಕೊಂಡು, ಮತ್ತೆ ಕೇಳಿದವರಿಗೆ ತಕ್ಷಣ ಕೊಡುತ್ತದೆ. ಮೊಬೈಲಿನಲ್ಲಿ "ಕ್ಲಿಯರ್ ಕ್ಯಾಶ್" ಎಂದು ಬರುವುದನ್ನು ಮಕ್ಕಳು ನೋಡಿರುತ್ತಾರೆ. ಅದು ದುಡ್ಡಿನ ಕ್ಯಾಶ್ ಅಲ್ಲ ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕಿಟಕಿ ಎಂದರೆ ಡೇಟಾಬೇಸ್ ಸಂಪರ್ಕ. ಅಂಥ ಸಂಪರ್ಕಗಳನ್ನು ಮೊದಲೇ ತೆರೆದಿಟ್ಟು, ಬೇಕಾದವರಿಗೆ ಕೊಟ್ಟು, ಕೆಲಸ ಮುಗಿದ ಮೇಲೆ ವಾಪಸ್ಸು ಪಡೆಯುವ ಏರ್ಪಾಟಿಗೆ ಕನೆಕ್ಷನ್ ಪೂಲ್ ಎನ್ನುತ್ತಾರೆ.

ಒಂದು ತಾಂತ್ರಿಕ ಸ್ಪಷ್ಟನೆ. 2003ರಲ್ಲಿ ಬ್ರಾಡ್ ಫಿಟ್ಸ್‌ಪ್ಯಾಟ್ರಿಕ್ ಲೈವ್‌ಜರ್ನಲ್ ತಾಣಕ್ಕಾಗಿ ಬರೆದ ಮೆಮ್‌ಕ್ಯಾಶ್‌ಡ್, ಅದರ ನಂತರ ಬಂದ ರೆಡಿಸ್ ಇವು ತಾವಾಗಿ ಡೇಟಾಬೇಸಿಗೆ ಹೋಗುವುದಿಲ್ಲ. ಅವುಗಳನ್ನು ಬಳಸುವ ಅಪ್ಲಿಕೇಷನ್ ಹೋಗುತ್ತದೆ. ಇನ್ಫಿನಿಸ್ಪಾನ್, ಅಪಾಚೆ ಇಗ್ನೈಟ್ ಮುಂತಾದವನ್ನು ಉತ್ತರ ತಮ್ಮಲ್ಲಿ ಇಲ್ಲದಾಗ ತಾವೇ ಡೇಟಾಬೇಸಿಗೆ ಹೋಗಿ ತರುವಂತೆ ಹೊಂದಿಸಬಹುದು. ಇದಕ್ಕೆ ರೀಡ್-ಥ್ರೂ ಎಂದು ಹೆಸರು. ಪೂಲ್ ಇರುವ ಜಾಗ ಬೇರೆಯಾದರೂ ಲೆಕ್ಕ ಎರಡಕ್ಕೂ ಒಂದೇ.

ಸಂಪರ್ಕವನ್ನು ತೆರೆದೇ ಇಡುವುದು ಏಕೆ?

ಪ್ರತಿ ಸಲ ಹೊಸ ಸಂಪರ್ಕ ತೆರೆದು ಮುಚ್ಚಿದರೆ ಏನಾಗುತ್ತದೆ? ಮೊದಲು ಎರಡು ಯಂತ್ರಗಳ ನಡುವೆ ಮೂರು ಹೆಜ್ಜೆಯ ಟಿಸಿಪಿ ಕೈಕುಲುಕು ನಡೆಯಬೇಕು. ಮಾಹಿತಿ ಗುಪ್ತವಾಗಿ ಹೋಗಬೇಕಿದ್ದರೆ ಅದಕ್ಕೆ ಇನ್ನಷ್ಟು ಮಾತುಕತೆ. ನಂತರ ಪಾಸ್‌ವರ್ಡ್ ಪರೀಕ್ಷೆ. ಕದಿಯುವವರಿಗೆ ಕಷ್ಟವಾಗಲೆಂದು ಈ ಪರೀಕ್ಷೆಯನ್ನು ಬೇಕೆಂದೇ ಭಾರವಾಗಿ ಮಾಡಿರುತ್ತಾರೆ. ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಂತೂ ಪ್ರತಿ ಸಂಪರ್ಕಕ್ಕೂ ಒಂದು ಪ್ರತ್ಯೇಕ ಪ್ರೊಸೆಸ್ ಹುಟ್ಟಬೇಕು. ಒಂದು ಅಂಕಪಟ್ಟಿ ಓದುವ ಚಿಕ್ಕ ಕೆಲಸಕ್ಕಿಂತ ಈ ಸಿದ್ಧತೆಯೇ ದೊಡ್ಡದಾಗಬಹುದು. ಪ್ರತಿ ಮಗುವಿಗೂ ಒಬ್ಬ ಹೊಸ ಗುಮಾಸ್ತರನ್ನು ನೇಮಕ ಮಾಡಿ, ಒಂದು ಉತ್ತರ ಹೇಳಿಸಿ, ಮನೆಗೆ ಕಳಿಸಿದ ಹಾಗೆ. ಪೂಲ್ ಇದ್ದರೆ ಸಿದ್ಧತೆಯ ಖರ್ಚು ಒಂದೇ ಸಲ.

ಎಷ್ಟು ಸಂಪರ್ಕ ಬೇಕು? ಗುಣಾಕಾರದ ಲೆಕ್ಕ

ಜಾನ್ ಲಿಟಲ್ 1961ರಲ್ಲಿ ಸರತಿ ಸಾಲುಗಳ ಬಗ್ಗೆ ಒಂದು ಸಂಬಂಧವನ್ನು ಸಾಧಿಸಿ ಪ್ರಕಟಿಸಿದರು. ಅದಕ್ಕೆ ಲಿಟಲ್‌ನ ನಿಯಮ ಎಂದೇ ಹೆಸರು. ಒಂದು ವ್ಯವಸ್ಥೆಯೊಳಗೆ ಸರಾಸರಿ ಎಷ್ಟು ಜನ ಇರುತ್ತಾರೆ ಎಂದರೆ:

ಒಳಗಿರುವವರ ಸಂಖ್ಯೆ = ಪ್ರತಿ ಸೆಕೆಂಡಿಗೆ ಬರುವವರು × ಪ್ರತಿಯೊಬ್ಬರೂ ಒಳಗಿರುವ ಸೆಕೆಂಡುಗಳು

ಇದನ್ನು ನಮ್ಮ ಮಾದರಿಗೆ ಹಾಕೋಣ. ಫಲಿತಾಂಶದ ಹೊತ್ತಿನಲ್ಲಿ ಸೆಕೆಂಡಿಗೆ 2000 ಕೋರಿಕೆ ಬರುತ್ತವೆ ಎಂದಿಟ್ಟುಕೊಳ್ಳೋಣ. ಡೇಟಾಬೇಸಿನಿಂದ ಒಂದು ಉತ್ತರ ತೆಗೆಯಲು 20 ಮಿಲಿಸೆಕೆಂಡು, ಅಂದರೆ 0.02 ಸೆಕೆಂಡು. ನೂರರಲ್ಲಿ 95 ಜನರಿಗೆ ಕ್ಯಾಶಿನಲ್ಲೇ ಉತ್ತರ ಸಿಗುತ್ತದೆ. ಹಾಗಾದರೆ ಡೇಟಾಬೇಸಿಗೆ ಹೋಗುವುದು ಶೇ. 5 ಮಾತ್ರ, ಅಂದರೆ ಸೆಕೆಂಡಿಗೆ 100.

100 × 0.02 = 2

ಸೆಕೆಂಡಿಗೆ ಎರಡು ಸಾವಿರ ಕೋರಿಕೆ ಬರುತ್ತಿದ್ದರೂ ಸರಾಸರಿ ಎರಡೇ ಸಂಪರ್ಕಗಳು ಕೆಲಸದಲ್ಲಿರುತ್ತವೆ! ಇದು ಸರಾಸರಿ ಮಾತ್ರ. ಕೋರಿಕೆಗಳು ಗುಂಪುಗುಂಪಾಗಿ ಬರುವುದರಿಂದ ಸ್ವಲ್ಪ ಹೆಚ್ಚು ಇಟ್ಟುಕೊಳ್ಳಬೇಕು. ಹಾಗಿದ್ದರೂ ಹತ್ತರ ಪೂಲ್ ಧಾರಾಳವಾಯಿತು. ಬಳಕೆದಾರರ ಸಂಖ್ಯೆ ನೋಡಿ ಪೂಲ್ ಗಾತ್ರ ನಿರ್ಧರಿಸುವುದು ಏಕೆ ತಪ್ಪು ಎಂಬುದು ಇಲ್ಲಿ ಗೊತ್ತಾಗುತ್ತದೆ. ನೋಡಬೇಕಾದದ್ದು ಕ್ಯಾಶಿನಲ್ಲಿ ಸಿಗದೆ ಹೋದವರ ಸಂಖ್ಯೆ ಮತ್ತು ಒಂದು ಉತ್ತರಕ್ಕೆ ಹಿಡಿಯುವ ಕಾಲ.

ಮಕ್ಕಳು ಇಲ್ಲಿ ಇನ್ನೊಂದು ವಿಷಯ ಗಮನಿಸಬೇಕು. ಕ್ಯಾಶಿನಲ್ಲಿ ಸಿಗುವ ಪ್ರಮಾಣ ಶೇ. 95ರಿಂದ 90ಕ್ಕೆ ಇಳಿಯಿತು ಎನ್ನೋಣ. ನೋಡಲು ಐದು ಅಂಕ ಕಡಿಮೆಯಾದಂತೆ, ಇನ್ನೂ ಎ ಗ್ರೇಡ್‌ ಇದ್ದಂತೆ ಕಾಣುತ್ತದೆ. ಡೇಟಾಬೇಸಿನ ಕಡೆಯಿಂದ ನೋಡಿದರೆ ಶೇ. 5 ಇದ್ದದ್ದು ಶೇ. 10 ಆಯಿತು, ಹೊರೆ ದ್ವಿಗುಣವಾಯಿತು. ಶೇಕಡಾವಾರು ಲೆಕ್ಕದಲ್ಲಿ "ಯಾವುದರ ಶೇಕಡಾ?" ಎಂದು ಕೇಳುವ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಕಿಟಕಿ ಹೆಚ್ಚಿಸಿದರೆ ಸಾಲದೆ?

ಈಗ ಕ್ಯಾಶ್ ಖಾಲಿಯಾಯಿತು ಎಂದುಕೊಳ್ಳಿ. ಯಂತ್ರ ಮರುಪ್ರಾರಂಭವಾಗಿರಬಹುದು. ಗಾಳಿಗೆ ಸೂಚನಾ ಫಲಕದ ಹಾಳೆಗಳೆಲ್ಲ ಹಾರಿಹೋದ ಹಾಗೆ. ಸೆಕೆಂಡಿಗೆ 2000 ಕೋರಿಕೆಗಳೂ ಡೇಟಾಬೇಸಿಗೇ ಹೋಗುತ್ತವೆ. 2000 × 0.02 = 40. ಹಾಗಾದರೆ ಪೂಲನ್ನು 40ಕ್ಕೆ ಏರಿಸಿದರೆ ಮುಗಿಯಿತು ಎಂದು ಅನ್ನಿಸುತ್ತದೆ. ತರಗತಿಯಲ್ಲೂ ಇದೇ ಪ್ರಶ್ನೆ ಬಂತು: "ಮಿಸ್, ಕಿಟಕಿ ಜಾಸ್ತಿ ಮಾಡಿಬಿಟ್ರೆ ಆಯ್ತಲ್ಲ?"

ಇಲ್ಲಿ ನಾವು 0.02 ಸೆಕೆಂಡು ಎಂಬುದು ಬದಲಾಗುವುದಿಲ್ಲ ಎಂದು ಭಾವಿಸಿಬಿಟ್ಟಿದ್ದೇವೆ. ಡೇಟಾಬೇಸ್ ಯಂತ್ರಕ್ಕೆ 4 ಕೋರ್‌ಗಳು, ಒಂದು ಡಿಸ್ಕ್ ಇದೆ ಎಂದಿಟ್ಟುಕೊಳ್ಳೋಣ. ನಾಲ್ಕು ಕೋರ್ ಎಂದರೆ ಒಂದೇ ಕ್ಷಣದಲ್ಲಿ ನಾಲ್ಕು ಕೆಲಸ. ಒಂದು ಕೆಲಸ ಡಿಸ್ಕಿಗಾಗಿ ಕಾಯುವಾಗ ಇನ್ನೊಂದು ಮುಂದುವರಿಯಬಹುದು ಎಂಬ ಕಾರಣಕ್ಕೆ ಇನ್ನಷ್ಟು ಸಂಪರ್ಕ ಇರಬಹುದು. ಪೋಸ್ಟ್‌ಗ್ರೆಸ್ ಬಳಗದಿಂದ ಬಂದ ಒಂದು ಪ್ರಸಿದ್ಧ ಆರಂಭಿಕ ಸೂತ್ರ ಹೀಗಿದೆ:

ಸಂಪರ್ಕಗಳು = (ಕೋರ್‌ಗಳು × 2) + ಡಿಸ್ಕ್‌ಗಳು

ನಮ್ಮ ಯಂತ್ರಕ್ಕೆ (4 × 2) + 1 = 9. ಒಂಬತ್ತು ಸಂಪರ್ಕಗಳು 0.02 ಸೆಕೆಂಡಿನಂತೆ ಕೆಲಸ ಮಾಡಿದರೆ ಸೆಕೆಂಡಿಗೆ 9 ÷ 0.02 = 450 ಉತ್ತರ. ಇದು ಯಂತ್ರದ ಗರಿಷ್ಠ ಸಾಮರ್ಥ್ಯ ಎಂದುಕೊಂಡರೆ, 40 ಸಂಪರ್ಕ ಕೊಟ್ಟರೂ ಸೆಕೆಂಡಿಗೆ ಹೊರಬರುವುದು 450 ಮಾತ್ರ. ಹಾಗಾದರೆ ಪ್ರತಿಯೊಂದೂ ಒಳಗೆ ಇರುವ ಕಾಲ 40 ÷ 450, ಸುಮಾರು 0.089 ಸೆಕೆಂಡು. 20 ಮಿಲಿಸೆಕೆಂಡಿನ ಕೆಲಸ 89 ಮಿಲಿಸೆಕೆಂಡಿಗೆ ಏರಿತು. ಹೊರಗಿದ್ದ ಸಾಲು ಒಳಗೆ ಬಂತು ಅಷ್ಟೇ. ವಾಸ್ತವದಲ್ಲಿ ಸ್ಥಿತಿ ಇದಕ್ಕಿಂತಲೂ ಕೆಡುತ್ತದೆ. ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಹೊರಳುವುದಕ್ಕೂ ಕೋರ್‌ಗಳ ಸಮಯ ಖರ್ಚಾಗುತ್ತದೆ, ಪ್ರತಿ ಸಂಪರ್ಕಕ್ಕೂ ಮೆಮೊರಿ ಹೋಗುತ್ತದೆ.

ಹಾಗಾದರೆ ಸೆಕೆಂಡಿಗೆ 2000 ಬಂದು 450 ಹೋದರೆ ಉಳಿದ 1550? ಅವು ಸಾಲಿನಲ್ಲಿ ಸೇರುತ್ತವೆ. ಹತ್ತು ಸೆಕೆಂಡಿನಲ್ಲಿ 15,500. ಇದಕ್ಕೆ ಪೂಲ್ ಗಾತ್ರದಲ್ಲಿ ಉತ್ತರವಿಲ್ಲ. ಅಷ್ಟು ಜನ ಕಿಟಕಿಗೆ ಬರದ ಹಾಗೆ ನೋಡಿಕೊಳ್ಳುವುದರಲ್ಲಿ ಇದೆ. ಈ ಹಂತಕ್ಕೆ ಮಕ್ಕಳನ್ನು ತರಲು ನಾನು ಮಾಡಿಸಿದ ಚಟುವಟಿಕೆ ಮುಂದಿದೆ.

ತರಗತಿಯ ಚಟುವಟಿಕೆ: ಐದು ಸುತ್ತು

ಸಾಮಗ್ರಿ: ಒಂದು ಉದ್ದ ನೋಟ್‌ಬುಕ್ (ವಹಿ), 30 ಚೀಟಿ, ಕಪ್ಪುಹಲಗೆ, ಸೀಮೆಸುಣ್ಣ, ಒಂದು ಗಡಿಯಾರ. ತರಗತಿಯಲ್ಲಿ 36 ಮಕ್ಕಳಿದ್ದರು. 30 ಮಂದಿ ಸಾಲಿಗೆ, 5 ಮಂದಿ ಗುಮಾಸ್ತರು, ಒಬ್ಬಳು ಕಾಲ ಅಳೆಯುವವಳು. ಚೀಟಿಗಳಲ್ಲಿ ಇದ್ದದ್ದು ಆರೇ ಸಂಖ್ಯೆಗಳು, ಪ್ರತಿ ಸಂಖ್ಯೆಯೂ ಐದೈದು ಚೀಟಿಗಳಲ್ಲಿ. ಒಬ್ಬ ವಿದ್ಯಾರ್ಥಿಯ ಫಲಿತಾಂಶವನ್ನು ಅಪ್ಪ, ಅಕ್ಕ, ಮಾವ, ಗೆಳೆಯ ಎಲ್ಲರೂ ನೋಡುತ್ತಾರಲ್ಲ, ಹಾಗೆ. ನಿಯಮ: ವಹಿಯನ್ನು ಒಂದು ಹೊತ್ತಿಗೆ ಇಬ್ಬರು ಗುಮಾಸ್ತರು ಮಾತ್ರ ಮುಟ್ಟಬಹುದು. ಒಂದು ಹುಡುಕಾಟಕ್ಕೆ ಹತ್ತು ಎಣಿಸಬೇಕು, ಅಂದರೆ 10 ಸೆಕೆಂಡು.

ಸುತ್ತು 1. ಇಬ್ಬರು ಗುಮಾಸ್ತರು, ಹಲಗೆ ಇಲ್ಲ. 30 × 10 ÷ 2 = 150 ಸೆಕೆಂಡು.

ಸುತ್ತು 2. ಐದು ಗುಮಾಸ್ತರು. ವಹಿ ಅದೇ. ಲೆಕ್ಕ ಮತ್ತೆ 150 ಸೆಕೆಂಡು. ಮೊದಲ ಸುತ್ತಿನಲ್ಲಿ ಕಿಟಕಿಯ ಮುಂದೆ 10 ಸೆಕೆಂಡು ನಿಂತಿದ್ದವರು ಈಗ ಸರಾಸರಿ 25 ಸೆಕೆಂಡು ನಿಲ್ಲುತ್ತಾರೆ. ಲಿಟಲ್‌ನ ನಿಯಮದಿಂದ ತಾಳೆ ನೋಡಬಹುದು: ಸೆಕೆಂಡಿಗೆ ಹೊರಹೋಗುವವರು 0.2, ಒಳಗಿರುವವರು 5, ಆದ್ದರಿಂದ 5 ÷ 0.2 = 25. ನಮ್ಮಲ್ಲಿ ಗುಮಾಸ್ತರು ವಹಿಗಾಗಿ ಒಬ್ಬರನ್ನೊಬ್ಬರು ತಳ್ಳಿದ್ದರಿಂದ ಲೆಕ್ಕಕ್ಕಿಂತ ಹೆಚ್ಚೇ ಸಮಯ ಹಿಡಿಯಿತು. "ಕಿಟಕಿ ಜಾಸ್ತಿ ಮಾಡಿ" ಎಂದಿದ್ದ ಹುಡುಗನೇ ಆಗ ಗುಮಾಸ್ತನಾಗಿದ್ದ. ನಾನು ವಿವರಿಸುವ ಅಗತ್ಯ ಬರಲಿಲ್ಲ.

ಸುತ್ತು 3. ಇಬ್ಬರು ಗುಮಾಸ್ತರು, ಜೊತೆಗೆ ಕಪ್ಪುಹಲಗೆ. ಮೊದಲು ಹಲಗೆ ನೋಡಬೇಕು, ಇಲ್ಲದಿದ್ದರೆ ಸಾಲಿಗೆ ಹೋಗಬೇಕು. ಉತ್ತರ ಸಿಕ್ಕವರು ಹಲಗೆಯ ಮೇಲೆ ಬರೆಯಬೇಕು. ಎಷ್ಟು ಸಮಯ ಆಗುತ್ತದೆ ಎಂದು ಕೇಳಿದಾಗ ಎಲ್ಲರೂ ಕಡಿಮೆ ಎಂದರು. ಮೂವತ್ತು ಮಂದಿಯೂ ಒಟ್ಟಿಗೆ ಹಲಗೆ ನೋಡಿದರು. ಹಲಗೆ ಖಾಲಿ. ಮೂವತ್ತು ಮಂದಿಯೂ ಸಾಲಿಗೆ ಹೋದರು. ಮತ್ತೆ 150 ಸೆಕೆಂಡು. ಹಲಗೆ ಇದ್ದೂ ಇಲ್ಲದ ಹಾಗಾಯಿತು. ಸಾಲಿನಲ್ಲಿ ನಿಂತವರು ತಿರುಗಿ ಹಲಗೆ ನೋಡಬಾರದೇ ಎಂದು ಕೇಳಿದರು. ಕಂಪ್ಯೂಟರಿಗೆ ನಾವು ಹೇಳದೆ ಅದು ತಿರುಗಿ ನೋಡುವುದಿಲ್ಲ ಎಂದೆ.

ಸುತ್ತು 4. ಒಂದೇ ಒಂದು ಹೊಸ ನಿಯಮ: ನಿಮ್ಮ ಸಂಖ್ಯೆಗಾಗಿ ಈಗಾಗಲೇ ಒಬ್ಬರು ಸಾಲಿನಲ್ಲಿದ್ದರೆ ನೀವು ಹಲಗೆಯ ಮುಂದೆಯೇ ಕಾಯಿರಿ. ಆರು ಸಂಖ್ಯೆಗೆ ಆರು ಮಂದಿ ಸಾಲಿಗೆ ಹೋದರು. 6 × 10 ÷ 2 = 30 ಸೆಕೆಂಡು. ಕಿಟಕಿ ಹೆಚ್ಚಲಿಲ್ಲ, ವಹಿ ಬದಲಾಗಲಿಲ್ಲ, ಕಾಲ ಐದನೇ ಒಂದು ಭಾಗಕ್ಕೆ ಇಳಿಯಿತು.

ಸುತ್ತು 5. ಸಾಲು ಬಿಡುವ ಮೊದಲೇ ಆರು ಉತ್ತರಗಳನ್ನೂ ಹಲಗೆಯ ಮೇಲೆ ಬರೆದಿಟ್ಟೆವು. ಕಿಟಕಿಗೆ ಯಾರೂ ಹೋಗಲಿಲ್ಲ.

ಮೂರನೇ ಸುತ್ತಿನ ನುಗ್ಗಾಟಕ್ಕೆ ಗಣಕ ವಿಜ್ಞಾನದಲ್ಲಿ "ಥಂಡರಿಂಗ್ ಹರ್ಡ್" ಎಂಬ ಹೆಸರಿದೆ, ಬೆದರಿ ಓಡುವ ದನಗಳ ಹಿಂಡು ಎಂದರ್ಥ. ನಾಲ್ಕನೇ ಸುತ್ತಿನ ನಿಯಮಕ್ಕೆ "ಸಿಂಗಲ್ ಫ್ಲೈಟ್" ಎನ್ನುತ್ತಾರೆ. 2013ರಲ್ಲಿ ಫೇಸ್‌ಬುಕ್ಕಿನ ಎಂಜಿನಿಯರುಗಳು ಮೆಮ್‌ಕ್ಯಾಶ್‌ಡ್ ಬಗ್ಗೆ ಪ್ರಕಟಿಸಿದ ಪ್ರಬಂಧದಲ್ಲಿ ಇದೇ ಉದ್ದೇಶಕ್ಕೆ "ಲೀಸ್" ಎಂಬ ಉಪಾಯವನ್ನು ವಿವರಿಸಿದ್ದಾರೆ: ಉತ್ತರ ತರುವ ಹಕ್ಕನ್ನು ಒಬ್ಬರಿಗೆ ಕೊಟ್ಟು, ಉಳಿದವರಿಗೆ ಸ್ವಲ್ಪ ತಡೆದು ಬನ್ನಿ ಎಂದು ಹೇಳುವುದು.

ಐದನೇ ಸುತ್ತು ಫಲಿತಾಂಶದಂಥ ಮಾಹಿತಿಗೆ ಅತ್ಯಂತ ಸೂಕ್ತ. ರಾಜ್ಯದಲ್ಲಿ ಎಸ್ಸೆಸ್ಸೆಲ್ಸಿ ಬರೆಯುವವರು ವರ್ಷಕ್ಕೆ ಎಂಟು ಲಕ್ಷದ ಮೇಲೆ. ಒಬ್ಬರ ಅಂಕಪಟ್ಟಿಗೆ ಒಂದು ಕಿಲೋಬೈಟ್ ಎಂದುಕೊಂಡರೆ 8,00,000 ಕಿಲೋಬೈಟ್, ಸುಮಾರು 800 ಮೆಗಾಬೈಟ್. ಇಡೀ ರಾಜ್ಯದ ಫಲಿತಾಂಶ ಒಂದು ಸಾಧಾರಣ ಯಂತ್ರದ ಮೆಮೊರಿಯಲ್ಲಿ ಹಿಡಿಯುತ್ತದೆ! ನಮ್ಮ ಮಾದರಿಯ ಡೇಟಾಬೇಸಿನಿಂದ ಒಂದೊಂದಾಗಿ ತೆಗೆದರೂ 8,00,000 ÷ 450, ಅಂದರೆ ಸುಮಾರು 1778 ಸೆಕೆಂಡು. ಅರ್ಧ ಗಂಟೆ ಮುಂಚೆ ಕ್ಯಾಶ್ ತುಂಬಿಸಿಟ್ಟು ಆಮೇಲೆ ಬಾಗಿಲು ತೆರೆದರೆ ಸಾಕು.

ಪೂಲ್ ಹೊಂದಿಸುವಾಗ ಬರೆಯುವ ಸಂಖ್ಯೆಗಳು

ಪಿಯು ಮಟ್ಟದಲ್ಲಿ ಗಣಕ ವಿಜ್ಞಾನ ಕಲಿಸುವವರಿಗೆ ಇನ್ನೂ ಸ್ವಲ್ಪ ವಿವರ ಬೇಕಾಗಬಹುದು. ಜಾವಾ ಭಾಷೆಯಲ್ಲಿ ಹೆಚ್ಚು ಬಳಕೆಯಲ್ಲಿರುವ ಹಿಕಾರಿಸಿಪಿ ಎಂಬ ಪೂಲನ್ನು ತೆಗೆದುಕೊಳ್ಳುತ್ತೇನೆ. ಹಿಕಾರಿ ಎಂದರೆ ಜಪಾನಿ ಭಾಷೆಯಲ್ಲಿ ಬೆಳಕು. 2018ರಲ್ಲಿ ಬಂದ ಸ್ಪ್ರಿಂಗ್ ಬೂಟ್ 2.0ರಿಂದ ಇದೇ ಅದರ ರೂಢಿಯ ಪೂಲ್.

ಗರಿಷ್ಠ ಗಾತ್ರ, ಅಂದರೆ ಮ್ಯಾಕ್ಸಿಮಮ್ ಪೂಲ್ ಸೈಜ್: ನಾವು ಏನೂ ಬರೆಯದಿದ್ದರೆ 10. ಇದನ್ನು ಬರೆಯುವಾಗ ಎಷ್ಟು ಸರ್ವರುಗಳಿವೆ ಎಂಬುದನ್ನು ಮರೆಯಬಾರದು. ಪೋಸ್ಟ್‌ಗ್ರೆಸ್ ರೂಢಿಯಲ್ಲಿ ಒಟ್ಟು 100 ಸಂಪರ್ಕಗಳನ್ನು ಒಪ್ಪುತ್ತದೆ. ಅದರಲ್ಲಿ 3 ನಿರ್ವಾಹಕರಿಗೆ ಮೀಸಲು. ಉಳಿದದ್ದು 97. ಹತ್ತು ಸರ್ವರುಗಳಿಗೆ ಹತ್ತರ ಪೂಲ್ ಕೊಟ್ಟರೆ 100 ಬೇಕಾಗುತ್ತದೆ, ಹತ್ತನೆಯ ಸರ್ವರಿಗೆ ಪೂರ್ತಿ ಸಿಗುವುದಿಲ್ಲ. 97 ಎಂಬುದು ಡೇಟಾಬೇಸ್ ಒಪ್ಪುವ ಮಿತಿ ಮಾತ್ರ. ಕೋರ್‌ಗಳ ಲೆಕ್ಕದಿಂದ ಬರುವ ಮಿತಿ ಅದಕ್ಕಿಂತ ಬಹಳ ಕಡಿಮೆ ಇರಬಹುದು, ಅದನ್ನೂ ಎಲ್ಲ ಸರ್ವರುಗಳು ಸೇರಿ ಹಂಚಿಕೊಳ್ಳಬೇಕು.

ಕಾಯುವ ಮಿತಿ, ಅಂದರೆ ಕನೆಕ್ಷನ್ ಟೈಮ್‌ಔಟ್: ಸಂಪರ್ಕ ಸಿಗದೆ ಎಷ್ಟು ಹೊತ್ತು ಕಾಯಬೇಕು ಎಂಬುದು. ರೂಢಿಯಲ್ಲಿ 30 ಸೆಕೆಂಡು. ಖಾಲಿ ಪರದೆ ನೋಡುತ್ತಾ 30 ಸೆಕೆಂಡು ಯಾರು ಕೂರುತ್ತಾರೆ? ಐದು ಸೆಕೆಂಡಿಗೆ ರಿಫ್ರೆಶ್ ಒತ್ತುತ್ತಾರೆ. ಹಳೆಯ ಕೋರಿಕೆ ಸಾಲಿನಲ್ಲಿ ಹಾಗೇ ಇರುತ್ತದೆ, ಹೊಸದು ಹಿಂದೆ ಸೇರುತ್ತದೆ. ಒಬ್ಬರೇ ಆರು ಜಾಗದಲ್ಲಿ ನಿಂತ ಹಾಗೆ. ಎರಡು-ಮೂರು ಸೆಕೆಂಡಿನ ಮಿತಿ ಇಟ್ಟು, "ಈಗ ದಟ್ಟಣೆ ಇದೆ, ಐದು ನಿಮಿಷ ಬಿಟ್ಟು ನೋಡಿ" ಎಂದು ಕನ್ನಡದಲ್ಲಿ ತಿಳಿಸುವುದು ಮೇಲು. ಮನೆಗೊಂದೇ ಮೊಬೈಲು, ಅದಕ್ಕೂ ಅರ್ಧ ಸಿಗ್ನಲ್ ಇರುವವರಿಗೆ ರಿಫ್ರೆಶ್ ಸ್ಪರ್ಧೆಯಲ್ಲಿ ಗೆಲ್ಲಲು ಆಗುವುದಿಲ್ಲ. ಸ್ಪಷ್ಟ ಸೂಚನೆ ಸಿಕ್ಕರೆ ಅವರ ಡೇಟಾ, ಸಮಯ ಎರಡೂ ಉಳಿಯುತ್ತವೆ.

ಗರಿಷ್ಠ ಆಯುಷ್ಯ, ಅಂದರೆ ಮ್ಯಾಕ್ಸ್ ಲೈಫ್‌ಟೈಮ್: ಒಂದು ಸಂಪರ್ಕವನ್ನು ಎಷ್ಟು ಕಾಲ ಇಟ್ಟುಕೊಂಡು ಬದಲಿಸಬೇಕು ಎಂಬುದು. ರೂಢಿಯಲ್ಲಿ 30 ನಿಮಿಷ. ಡೇಟಾಬೇಸೋ ನಡುವಿನ ಜಾಲದ ಸಾಧನವೋ ಸಂಪರ್ಕ ಕಡಿಯುವ ಅವಧಿಗಿಂತ ಇದು ಸ್ವಲ್ಪ ಕಡಿಮೆ ಇರಬೇಕು. ಮೈಎಸ್‌ಕ್ಯೂಎಲ್ ಡೇಟಾಬೇಸ್ ರೂಢಿಯಲ್ಲಿ 28,800 ಸೆಕೆಂಡು, ಅಂದರೆ 8 ಗಂಟೆ ಸುಮ್ಮನಿದ್ದ ಸಂಪರ್ಕವನ್ನು ಕಡಿದುಹಾಕುತ್ತದೆ. ಆಯುಷ್ಯವನ್ನೂ ನೋಡದೆ, ಕೊಡುವ ಮೊದಲು ಪರೀಕ್ಷಿಸದೆ ಇರುವ ಪೂಲ್ ಆಗಿದ್ದರೆ, ಸಂಜೆ ಆರಕ್ಕೆ ಕೆಲಸ ನಿಂತ ಕಚೇರಿಯಲ್ಲಿ ಮರುದಿನ ಬೆಳಿಗ್ಗೆ ಮೊದಲು ಬಂದವರಿಗೆ ಸತ್ತ ಸಂಪರ್ಕ ಸಿಗುತ್ತದೆ.

ಸೋರಿಕೆ ಪತ್ತೆ, ಅಂದರೆ ಲೀಕ್ ಡಿಟೆಕ್ಷನ್ ಥ್ರೆಶೋಲ್ಡ್: ಪಡೆದ ಸಂಪರ್ಕವನ್ನು ವಾಪಸ್ಸು ಕೊಡದೆ ಉಳಿಸಿಕೊಂಡರೆ ಅದು ಸೋರಿಕೆ. ಪ್ರಯೋಗಾಲಯದಿಂದ ಪಡೆದ ಬೀಕರು ಮರಳಿಸದ ಹಾಗೆ. ಹತ್ತರ ಪೂಲಿನಲ್ಲಿ ಹತ್ತನೇ ಸೋರಿಕೆಗೆ ಸರ್ವರ್ ನಿಂತುಬಿಡುತ್ತದೆ, ಆಗ ಡೇಟಾಬೇಸ್ ಮಾತ್ರ ಕೆಲಸವಿಲ್ಲದೆ ಕುಳಿತಿರುತ್ತದೆ. ಈ ಪತ್ತೆ ರೂಢಿಯಲ್ಲಿ ಆರಿಸಿರುತ್ತದೆ. ಕಲಿಯುವಾಗ ಅದನ್ನು ಹೊತ್ತಿಸಿಡುವುದು ಒಳ್ಳೆಯ ಅಭ್ಯಾಸ.

ಇವಲ್ಲದೆ ಫೈಲಿನಲ್ಲಿ ಬರೆಯಲಾಗದ, ಪ್ರೋಗ್ರಾಮಿನಲ್ಲೇ ಪಾಲಿಸಬೇಕಾದ ಒಂದು ಕ್ರಮವಿದೆ. ಮೊದಲು ಕ್ಯಾಶ್ ನೋಡಬೇಕು, ಆಮೇಲೆ ಸಂಪರ್ಕ ಕೇಳಬೇಕು. ಸಂಪರ್ಕ ಹಿಡಿದುಕೊಂಡು ಕ್ಯಾಶ್ ನೋಡಿದರೆ ಫಲಕದಲ್ಲೇ ಉತ್ತರ ಇರುವವರೂ ಕಿಟಕಿ ಅಡ್ಡಗಟ್ಟಿ ನಿಲ್ಲುತ್ತಾರೆ. ಹಾಗೆಯೇ ಡೇಟಾಬೇಸಿನಿಂದ ಉತ್ತರ ಬಂದ ಕೂಡಲೇ ಸಂಪರ್ಕ ಮರಳಿಸಿ, ನಂತರ ಕ್ಯಾಶಿನಲ್ಲಿ ಬರೆಯಬೇಕು. ಕ್ಯಾಶಿನ ದಾಖಲೆಗಳಿಗೆ ಅವಧಿ ಇಡುವುದಾದರೆ ಎಲ್ಲಕ್ಕೂ ಸರಿಯಾಗಿ 10 ನಿಮಿಷ ಎಂದು ಇಡದೆ, 10ರಿಂದ 12 ನಿಮಿಷದೊಳಗೆ ಬೇರೆ ಬೇರೆ ಇಡಬೇಕು. ಇಲ್ಲದಿದ್ದರೆ ಒಟ್ಟಿಗೆ ತುಂಬಿಸಿದ್ದೆಲ್ಲ ಒಟ್ಟಿಗೆ ಅಳಿದು ಮೂರನೇ ಸುತ್ತು ಮರುಕಳಿಸುತ್ತದೆ.

ಎಲ್ಲಿ ತೊಂದರೆ ಎಂದು ತಿಳಿಯುವುದು ಹೇಗೆ?

ಜನ ಕಾಯುತ್ತಿದ್ದಾರೆ, ಡೇಟಾಬೇಸ್ ಯಂತ್ರ ಸುಮ್ಮನಿದೆ: ಸೋರಿಕೆ ಇದೆ, ಅಥವಾ ಪೂಲ್ ಚಿಕ್ಕದಾಗಿದೆ. ಜನ ಕಾಯುತ್ತಿದ್ದಾರೆ, ಡೇಟಾಬೇಸ್ ಯಂತ್ರವೂ ಬಸವಳಿದಿದೆ: ಪೂಲ್ ಹೆಚ್ಚಿಸಬಾರದು. ಕ್ಯಾಶ್ ಖಾಲಿಯಾಗಿದೆಯೇ, ಹುಡುಕಾಟಕ್ಕೆ ಸೂಚಿಕೆ ಇಲ್ಲದೆ ಇಡೀ ವಹಿ ತಿರುವಿಹಾಕಬೇಕಾಗಿದೆಯೇ ಎಂದು ನೋಡಬೇಕು. ಹುಡುಕುವ ಕಾಲ 20 ಮಿಲಿಸೆಕೆಂಡಿನಿಂದ 5ಕ್ಕೆ ಇಳಿದರೆ ಅದೇ ಒಂಬತ್ತು ಸಂಪರ್ಕಗಳ ಸಾಮರ್ಥ್ಯ ನಾಲ್ಕು ಪಟ್ಟಾಗುತ್ತದೆ. ವಿಲೋಮ ಅನುಪಾತ ಇಲ್ಲಿ ಕಣ್ಣಿಗೆ ಕಾಣುತ್ತದೆ.

ಸಾದೃಶ್ಯದ ಮಿತಿ

ಯಾವ ಸಾದೃಶ್ಯವನ್ನೂ ಪೂರ್ತಿ ನಂಬಿಸಿ ಬಿಡಬಾರದು ಎಂದು ನಮ್ಮ ಬೋಧನಾ ವಿಧಾನದ ತರಗತಿಯಲ್ಲಿ ಕಲಿತಿದ್ದೇವೆ. ಇಲ್ಲೂ ಮೂರು ವ್ಯತ್ಯಾಸ ಹೇಳಬೇಕು. ಒಂದು, ಸೂಚನಾ ಫಲಕವನ್ನು ಎಲ್ಲರೂ ಓದಬಹುದು. ಕ್ಯಾಶ್ ಹಾಗಲ್ಲ, ಕೇಳಿದ ಸಂಖ್ಯೆಯ ಉತ್ತರವನ್ನು ಮಾತ್ರ ಕೊಡುತ್ತದೆ. "ಎಲ್ಲರ ಮಾರ್ಕ್ಸೂ ಎಲ್ಲರಿಗೂ ಕಾಣುತ್ತಾ ಮಿಸ್?" ಎಂದು ಒಬ್ಬಳು ಆತಂಕದಿಂದ ಕೇಳಿದಳು, ಆದ್ದರಿಂದ ಇದನ್ನು ಬಿಡಬೇಡಿ. ಎರಡು, ಗುಮಾಸ್ತರು ಯೋಚಿಸುತ್ತಾರೆ, ಉದ್ದ ಸಾಲು ಕಂಡರೆ ಉಪಾಯ ಹುಡುಕುತ್ತಾರೆ. ಸಂಪರ್ಕ ಎಂಬುದು ಬರೀ ದಾರಿ, ಉಪಾಯವನ್ನು ಮೊದಲೇ ಬರೆದಿಡಬೇಕು. ಮೂರು, ತರಗತಿಯ 10 ಸೆಕೆಂಡು ಯಂತ್ರದಲ್ಲಿ 20 ಮಿಲಿಸೆಕೆಂಡು, 500 ಪಟ್ಟು ವೇಗ. ಸಾಲು ಬೆಳೆಯುವ ವೇಗವೂ ಅಷ್ಟೇ ಹೆಚ್ಚು.

ಮೌಲ್ಯಮಾಪನ ಪ್ರಶ್ನೆಗಳು

1. 8 ಸಂಪರ್ಕಗಳಿವೆ, ಒಂದು ಉತ್ತರಕ್ಕೆ 0.04 ಸೆಕೆಂಡು. ಸೆಕೆಂಡಿಗೆ ಗರಿಷ್ಠ ಎಷ್ಟು ಉತ್ತರ? (ಉತ್ತರ: 200)

2. ಸೆಕೆಂಡಿಗೆ 500 ಕೋರಿಕೆ, ಶೇ. 90 ಕ್ಯಾಶಿನಲ್ಲಿ ಸಿಗುತ್ತದೆ, ಉಳಿದದ್ದಕ್ಕೆ ತಲಾ 0.03 ಸೆಕೆಂಡು. ಸರಾಸರಿ ಎಷ್ಟು ಸಂಪರ್ಕ ಕೆಲಸದಲ್ಲಿರುತ್ತದೆ? (ಉತ್ತರ: 1.5)

3. ಕ್ಯಾಶಿನಲ್ಲಿ ಸಿಗುವ ಪ್ರಮಾಣ ಶೇ. 98ರಿಂದ 94ಕ್ಕೆ ಇಳಿದರೆ ಡೇಟಾಬೇಸಿನ ಹೊರೆ ಎಷ್ಟು ಪಟ್ಟು? (ಉತ್ತರ: 3 ಪಟ್ಟು)

4. 97 ಸಂಪರ್ಕಗಳನ್ನು 12 ಸರ್ವರುಗಳಿಗೆ ಸಮನಾಗಿ ಹಂಚಿದರೆ ಒಂದಕ್ಕೆ ಗರಿಷ್ಠ ಎಷ್ಟು? (ಉತ್ತರ: 8, ಒಂದು ಉಳಿಯುತ್ತದೆ)

5. ಎರಡನೇ ಸುತ್ತಿನಲ್ಲಿ ಕಿಟಕಿ ಹೆಚ್ಚಿದರೂ ಸಮಯ ಏಕೆ ಕಡಿಮೆಯಾಗಲಿಲ್ಲ? ನಿಮ್ಮ ಊರಿನ ಯಾವುದಾದರೂ ಸಾಲಿನ ಉದಾಹರಣೆಯೊಂದಿಗೆ ಬರೆಯಿರಿ.

ಐದನೇ ಪ್ರಶ್ನೆಗೆ ಹಾಲಿನ ಡೈರಿ, ಬಿಸಿಯೂಟದ ಸಾಲು, ಬಸ್ಸಿನ ಬಾಗಿಲು ಎಂದೆಲ್ಲ ಉತ್ತರ ಬಂದವು. ಬಿಸಿಯೂಟದ ಬಗ್ಗೆ ಬರೆದ ಹುಡುಗಿ, ಬಡಿಸುವವರು ಐದು ಜನ ಇದ್ದರೂ ಸಾಂಬಾರಿನ ಸೌಟು ಒಂದೇ ಇದ್ದರೆ ಸಾಲು ಓಡುವುದಿಲ್ಲ ಎಂದು ಬರೆದಿದ್ದಳು. ಅವಳಿಗೆ ಡೇಟಾಬೇಸ್ ಎಂಬ ಪದ ನಾಳೆ ಮರೆತುಹೋಗಬಹುದು. ಸಾಲು ಏಕೆ ನಿಂತಿದೆ ಎಂದು ಕೇಳುವುದು, ಸೌಟು ಎಷ್ಟಿದೆ ಎಂದು ನೋಡುವುದು ಉಳಿದರೆ ಈ ಅವಧಿಯ ಉದ್ದೇಶ ಈಡೇರಿದಂತೆ. ಈ ಚಟುವಟಿಕೆಗೆ 40 ನಿಮಿಷದಲ್ಲಿ ಸುತ್ತುಗಳಿಗೆ 15, ಲೆಕ್ಕಕ್ಕೆ 15, ಚರ್ಚೆಗೆ 10 ನಿಮಿಷ ಇಟ್ಟುಕೊಂಡರೆ ಸರಿಹೋಗುತ್ತದೆ. ಸ್ಥಳ ಕಡಿಮೆ ಇದ್ದರೆ ಕಾರಿಡಾರಿನಲ್ಲಿ ಮಾಡಿಸಬಹುದು, ಮೂರನೇ ಸುತ್ತನ್ನು ಮಾತ್ರ ಕೈಬಿಡಬೇಡಿ.